ಕವಲೊಡೆಯುವ ಕಥೆಗೆ ಸಲಕರಣೆ



ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಅಂಕಲಿ ಮಠದ ಗುಹೆಗೆ ಇಳಿದವರಿಗೆ ಮೊದಲು ತಪ್ಪುವುದು ದಿಕ್ಕು. ಒಂದು ಕೋಣೆ, ಬಗ್ಗಿ ನುಸುಳಬೇಕಾದ ಬಾಗಿಲು, ಕೆಳಕ್ಕಿಳಿಯುವ ಮೆಟ್ಟಿಲು, ಮತ್ತೊಂದು ಕೋಣೆ. ಬೆಳಕು ಹಿಡಿದ ಗೈಡ್ ಒಂದು ಗಳಿಗೆ ಬ್ಯಾಟರಿ ಆರಿಸಿದರೆ ತಮ್ಮ ಕೈ ತಮಗೇ ಕಾಣದು. ಎಡಕ್ಕೋ ಬಲಕ್ಕೋ, ಮುಂದಕ್ಕೋ ಬಂದ ದಾರಿಗೋ ಎಂದು ಪ್ರತಿ ಹೆಜ್ಜೆಗೂ ತೀರ್ಮಾನ ಬೇಕು. ಕಂಪ್ಯೂಟರಿನಲ್ಲಿ ಸಾಹಸದಾಟ ಎಂಬ ಪ್ರಕಾರ ಹುಟ್ಟಿದ್ದು ಇಂಥದೇ ಒಂದು ಗುಹೆಯ ನೆನಪಿನಿಂದ.

ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಮ್ಯಾಮತ್ ಗುಹೆಗಳಿವೆ. ವಿಲ್ ಕ್ರೌದರ್ ಎಂಬ ಪ್ರೋಗ್ರಾಮರ್ ಬಿಡುವಿನಲ್ಲಿ ಹೆಂಡತಿ ಪೆಟ್ರೀಷಿಯಾ ಜೊತೆ ಆ ಗುಹೆಗಳನ್ನು ಅಳೆದು ನಕ್ಷೆ ಮಾಡುತ್ತಿದ್ದವರು. ಫ್ಲಿಂಟ್ ರಿಜ್ ಮತ್ತು ಮ್ಯಾಮತ್ ಗುಹೆಗಳು ಒಳಗೊಳಗೇ ಸೇರಿಕೊಂಡಿವೆ ಎಂದು 1972ರಲ್ಲಿ ಪತ್ತೆ ಹಚ್ಚಿದ ತಂಡದಲ್ಲಿ ಪೆಟ್ರೀಷಿಯಾ ಇದ್ದರು. ದಾಂಪತ್ಯ ಮುರಿದ ಮೇಲೆ, ಹೆಣ್ಣುಮಕ್ಕಳು ತನ್ನ ಬಳಿ ಬಂದಾಗ ಆಡಲಿ ಎಂದು ಕ್ರೌದರ್ 1975–76ರ ಸುಮಾರಿಗೆ ಗುಹೆಯನ್ನೇ ಆಟವಾಗಿ ಬರೆದರು. ಆಫೀಸಿನಲ್ಲಿದ್ದ ಪಿಡಿಪಿ-10 ಯಂತ್ರ, ಕೈಗೆ ಒಗ್ಗಿದ್ದ ಫೋರ್ಟ್ರಾನ್ ಭಾಷೆ, ಅಷ್ಟೇ ಸಲಕರಣೆ. ಚಿತ್ರ ಒಂದೂ ಇಲ್ಲ. ಯಂತ್ರ ಸ್ಥಳವನ್ನು ವರ್ಣಿಸುತ್ತದೆ, ಆಡುವವರು ಒಂದೆರಡು ಪದ ಟೈಪ್ ಮಾಡಿ ಮುಂದೆ ಸಾಗುತ್ತಾರೆ. 1977ರಲ್ಲಿ ಸ್ಟ್ಯಾನ್‌ಫರ್ಡ್‌ನ ಡಾನ್ ವುಡ್ಸ್ ಅದನ್ನು ಹಿಗ್ಗಿಸಿದರು. ಮೂವತ್ತು ವರ್ಷದ ನಂತರ ಡೆನ್ನಿಸ್ ಜೆರ್ಜ್ ಎಂಬ ವಿದ್ವಾಂಸರು ಮೂಲ ಪ್ರೋಗ್ರಾಮನ್ನು ನಿಜವಾದ ಗುಹೆಯ ಪಕ್ಕದಲ್ಲಿಟ್ಟು ನೋಡಿದಾಗ ಎರಡಕ್ಕೂ ಬಹುಮಟ್ಟಿಗೆ ತಾಳೆಯಾಯಿತು.

ಕ್ರೌದರ್‌ಗೆ ಜಾಗ ಮೊದಲು ಗೊತ್ತಿತ್ತು, ಸಲಕರಣೆ ಆಮೇಲೆ ಬಂತು. ಇವತ್ತು ಆಟ ಕಟ್ಟಬೇಕೆಂದು ಹೊರಡುವ ಹುಡುಗ ಹುಡುಗಿಯರಲ್ಲಿ ಹಲವರು ಇದನ್ನು ತಿರುಗುಮುರುಗು ಮಾಡುತ್ತಾರೆ. ಮೊದಲು ದೊಡ್ಡ ಹೆಸರಿನ ಸಾಫ್ಟ್‌ವೇರ್ ಇಳಿಸಿಕೊಂಡು, ತಿಂಗಳುಗಟ್ಟಲೆ ಅದರ ಪಾಠ ನೋಡಿ, ಕಥೆ ಯಾವುದೆಂದು ಯೋಚಿಸುವ ಹೊತ್ತಿಗೆ ಉತ್ಸಾಹವೇ ಬತ್ತಿರುತ್ತದೆ. ಚಿತ್ರದುರ್ಗದ ಸೀಮೆಯವರಿಗಂತೂ ಈ ಕಷ್ಟ ಬೇಕಿಲ್ಲ. ಏಳು ಸುತ್ತಿನ ಕೋಟೆ, ಹೆಬ್ಬಾಗಿಲುಗಳು, ದಿಡ್ಡಿ ಬಾಗಿಲುಗಳು, ಕಳ್ಳದಾರಿಗಳು, ಮದ್ದು ಬೀಸುವ ಕಲ್ಲು, ಎಣ್ಣೆ ಕೊಳ, ತುಪ್ಪದ ಕೊಳ ಎಲ್ಲ ಇಲ್ಲಿವೆ. ಬೆಟ್ಟದ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡಕ್ಕೆ, ಸಂತೆ ಹೊಂಡಕ್ಕೆ ಹರಿದು ಬರುವ ಏರ್ಪಾಡು ನಾಯಕರ ಕಾಲದ್ದು. ಈ ನೀರಿನ ಜಾಡೊಂದನ್ನೇ ಹಿಡಿದರೂ ಒಂದು ಆಟದ ನಕ್ಷೆ ಸಿದ್ಧ. ಚಂದ್ರವಳ್ಳಿಯಲ್ಲಿ 1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದಾಗ ಶಾತವಾಹನರ ನಾಣ್ಯಗಳ ಜೊತೆಗೆ ರೋಮ್ ನಾಣ್ಯಗಳೂ ಸಿಕ್ಕವು. ಆಟದಲ್ಲಿ ಎತ್ತಿಕೊಂಡು ತಿರುವಿ ನೋಡಲು ಅದಕ್ಕಿಂತ ಒಳ್ಳೆಯ ವಸ್ತು ಬೇಕೆ?

ಕಥೆ ಕೈಯಲ್ಲಿದೆ ಎಂದಾದ ಮೇಲೆ ಸಲಕರಣೆಯ ಮಾತು. ಓಬವ್ವನ ಕಿಂಡಿಯನ್ನೇ ತೆಗೆದುಕೊಳ್ಳೋಣ. ಕೋಟೆ ಕಾಯುವ ಗಂಡ ಉಣ್ಣಲು ಬಂದಿದ್ದಾನೆ, ಓಬವ್ವ ನೀರಿಗೆ ಹೋಗಿದ್ದಾಳೆ, ಕಿಂಡಿಯಲ್ಲಿ ಹೈದರನ ಸೈನಿಕನ ತಲೆ ತೂರುತ್ತಿದೆ. ಈ ಗಳಿಗೆಯನ್ನು ಮೂರು ಬಗೆಯಾಗಿ ಆಟ ಮಾಡಬಹುದು. ‘ಒನಕೆ ತಗೊ’ ಎಂದು ಆಡುವವರು ತಾವೇ ಟೈಪ್ ಮಾಡುವುದು ಒಂದು. ಪರದೆಯ ಮೇಲಿನ ಚಿತ್ರದಲ್ಲಿ ಮೂಲೆಗಿಟ್ಟ ಒನಕೆಯನ್ನು ಕ್ಲಿಕ್ ಮಾಡುವುದು ಇನ್ನೊಂದು. ಬರೆದಿಟ್ಟ ಎರಡು ಮೂರು ಮಾತುಗಳಲ್ಲಿ ಒಂದನ್ನು ಆರಿಸುವುದು ಮತ್ತೊಂದು. ಯಾವ ಬಗೆ ಬೇಕು ಎನ್ನುವುದರ ಮೇಲೆ ಸಲಕರಣೆಯ ಅರ್ಧ ತೀರ್ಮಾನ ಆಗಿಹೋಗುತ್ತದೆ.

ಟೈಪ್ ಮಾಡುವ ಆಟಕ್ಕೆ ಪ್ರಸಿದ್ಧವಾದದ್ದು ಗ್ರಹಾಂ ನೆಲ್ಸನ್ 1993ರಲ್ಲಿ ಹೊರತಂದ ಇನ್‌ಫಾರ್ಮ್. ಅದರ ಏಳನೆಯ ಆವೃತ್ತಿಯಲ್ಲಿ ಪ್ರೋಗ್ರಾಮನ್ನೇ ಹೆಚ್ಚುಕಡಿಮೆ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಬಹುದು. ಇಂಗ್ಲಿಷಿನವರಿಗೆ ಇದು ವರ. ಕನ್ನಡಕ್ಕೆ ತರಹೋದರೆ ಕ್ರಿಯಾಪದ ಕೊನೆಗೆ ಬರುತ್ತದೆ, ‘ಬಾಗಿಲು ತೆಗೆ’, ‘ಬಾಗಿಲನ್ನು ತೆಗೆ’, ‘ಬಾಗ್ಲು ತೆಗಿ’ ಎಲ್ಲವೂ ಒಂದೇ ಎಂದು ಯಂತ್ರಕ್ಕೆ ಕಲಿಸಬೇಕಾಗುತ್ತದೆ. ವ್ಯಾಕರಣದಲ್ಲಿ ಆಸೆಯಿದ್ದವರಿಗೆ ಇದು ಸೊಗಸಾದ ಕೆಲಸ. ಮೊದಲ ಆಟ ಕಟ್ಟುವವರು ಇದಕ್ಕೆ ಕೈ ಹಾಕುವುದು ಬೇಡ.

ಕ್ಲಿಕ್ ಮಾಡುವ ಆಟದ ಚರಿತ್ರೆ ಬೇರೆ. ಲ್ಯೂಕಾಸ್‌ಫಿಲ್ಮ್ ಗೇಮ್ಸ್‌ನಲ್ಲಿ ರಾನ್ ಗಿಲ್ಬರ್ಟ್ ಮತ್ತು ಆರಿಕ್ ವಿಲ್ಮಂಡರ್ 1987ರ ‘ಮೇನಿಯಾಕ್ ಮ್ಯಾನ್ಶನ್’ಗಾಗಿ ಸ್ಕಮ್ ಎಂಬ ವ್ಯವಸ್ಥೆಯನ್ನೇ ಕಟ್ಟಿದರು. ಮುಂದೆ ಕ್ರಿಸ್ ಜೋನ್ಸ್ 1997ರಲ್ಲಿ ಆರಂಭಿಸಿದ ಅಡ್ವೆಂಚರ್ ಗೇಮ್ ಸ್ಟುಡಿಯೋ ಆ ಬಗೆಯ ಆಟವನ್ನು ಒಬ್ಬಂಟಿ ಹವ್ಯಾಸಿಗಳಿಗೂ ನಿಲುಕುವಂತೆ ಮಾಡಿತು. ಆದರೆ ಈ ಹಾದಿಯಲ್ಲಿ ಪ್ರತಿ ದೃಶ್ಯಕ್ಕೂ ಚಿತ್ರ ಬೇಕು, ಪಾತ್ರ ನಡೆಯುವ ಒಂದೊಂದು ಹೆಜ್ಜೆಯನ್ನೂ ಬಿಡಿಸಬೇಕು. ಜೊತೆಗೊಬ್ಬ ಚಿತ್ರಕಾರರು ಇಲ್ಲದಿದ್ದರೆ ಕೋಟೆಯ ಮೊದಲ ಸುತ್ತಿನಲ್ಲೇ ಆಟ ನಿಂತುಬಿಡುತ್ತದೆ.

ಉಳಿದದ್ದು ಮಾತು ಆರಿಸುವ ಬಗೆ. ಕನ್ನಡದಲ್ಲಿ ಬರೆಯುವವರಿಗೆ ಹೆಚ್ಚು ಫಲ ಕೊಡುವುದು ಇದೇ. ಇಲ್ಲಿ ಟ್ವೈನ್, ಇಂಕ್, ರೆನ್‌ಪೈ ಎಂಬ ಮೂರು ಹೆಸರುಗಳು ಮುಖ್ಯ. ಮೂರೂ ಉಚಿತ, ಮೂರರ ಮೂಲ ಸಂಕೇತವೂ ಮುಕ್ತ.

ಇವುಗಳಲ್ಲಿ ಯಾವುದು ಎಂದು ಕೇಳುವ ಮೊದಲು ಮಾಡಿ ನೋಡಬೇಕಾದ ಪರೀಕ್ಷೆ ಒಂದಿದೆ. ಆಟದ ಸಲಕರಣೆಗಳ ವಿಮರ್ಶೆ ಬರೆಯುವ ಇಂಗ್ಲಿಷಿನವರಿಗೆ ಅದು ಹೊಳೆಯುವುದೇ ಇಲ್ಲ, ಏಕೆಂದರೆ ಅವರ ಅಕ್ಷರಗಳು ಒಂದರ ಪಕ್ಕ ಒಂದು ಸುಮ್ಮನೆ ಕೂರುತ್ತವೆ. ಕನ್ನಡದ್ದು ಹಾಗಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ಊರಿನ ಹೆಸರನ್ನು ಟೈಪ್ ಮಾಡಿ ಪರದೆ ನೋಡಿದರೆ ಸಲಕರಣೆಯ ಹಣೆಬರಹ ಗೊತ್ತಾಗುತ್ತದೆ. ‘ಚಿತ್ರದುರ್ಗ’ದಲ್ಲಿ ತಕಾರಕ್ಕೆ ರಕಾರದ ಒತ್ತು ಇದೆ, ಮುಂದೆಯೇ ಅರ್ಕಾವತ್ತು ಇದೆ. ಟೈಪ್ ಮಾಡುವಾಗ ರಕಾರ ಮೊದಲು, ಗಕಾರ ಆಮೇಲೆ. ಪರದೆಯಲ್ಲಿ ಗಕಾರ ಮೊದಲು, ಅರ್ಕಾವತ್ತು ಆಮೇಲೆ. ಈ ಅದಲುಬದಲು ತಿಳಿಯದ ಸಲಕರಣೆ ಬಿಡಿ ಅಕ್ಷರಗಳನ್ನು ಸಾಲಾಗಿ ಚೆಲ್ಲುತ್ತದೆ. ‘ಹೊಳಲ್ಕೆರೆ’ ಇನ್ನೂ ಕಠಿಣ. ಎತ್ವವನ್ನು ಒತ್ತುವುದು ಕಕಾರದ ನಂತರ, ಅದು ಹೋಗಿ ಕೂರುವುದು ಲಕಾರದ ತಲೆಯ ಮೇಲೆ, ಕಕಾರ ಕೆಳಗೆ ಒತ್ತಾಗಿ ಇಳಿಯುತ್ತದೆ. ಒತ್ತೇ ಇಲ್ಲದ ‘ಹಿರಿಯೂರು’ ಸುಲಭ ಎನಿಸಬಹುದು. ಆದರೆ ಹಕಾರದ ತಲೆಕಟ್ಟು ಅಳಿದು ಗುಡಿಸು ಅಂಟಿಕೊಳ್ಳದಿದ್ದರೆ ಅದೂ ಕೆಡುತ್ತದೆ.

ಈ ಜೋಡಣೆಯ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ತಂತ್ರಾಂಶ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಫೋನುಗಳಲ್ಲಿ ಅದು ಈಗಾಗಲೇ ಇದೆ. ಆದ್ದರಿಂದ ಬ್ರೌಸರಿನಲ್ಲಿ ತೆರೆಯುವ ಟ್ವೈನ್ ಆಟದಲ್ಲಿ ಕನ್ನಡ ತಾನಾಗಿ ಸರಿ ಬರುತ್ತದೆ. ರೆನ್‌ಪೈಗೆ ಅದು ಬಂದದ್ದು 2023ರ 8.1ನೇ ಆವೃತ್ತಿಯಲ್ಲಿ. ಮುಕ್ತ ತಂತ್ರಾಂಶವಾದ ಗೋಡೋ ಎಂಜಿನ್‌ಗೂ ಅದೇ ವರ್ಷ, ನಾಲ್ಕನೇ ಆವೃತ್ತಿಯಲ್ಲಿ ಬಂತು. ಹಳೆಯ ಪಾಠದ ವಿಡಿಯೋ ನೋಡಿ ಗೋಡೋ ಮೂರನ್ನು ಹಾಕಿಕೊಂಡವರು ಕನ್ನಡ ಒಡೆಯುತ್ತದೆಂದು ಕೈಬಿಟ್ಟಿದ್ದರೆ ಮತ್ತೊಮ್ಮೆ ನೋಡಬಹುದು. ಯೂನಿಟಿ ಎಂಬ ಇನ್ನೊಂದು ಎಂಜಿನ್‌ನಲ್ಲಿ ಅಕ್ಷರ ತೋರಿಸಲು ಹೆಚ್ಚಾಗಿ ಬಳಸುವ ಟೆಕ್ಸ್ಟ್‌ಮೆಶ್‌ಪ್ರೊ ತನ್ನಷ್ಟಕ್ಕೆ ಈ ಜೋಡಣೆ ಮಾಡುವುದಿಲ್ಲ. ಅಡ್ವೆಂಚರ್ ಗೇಮ್ ಸ್ಟುಡಿಯೋ ಯೂನಿಕೋಡ್ ಓದಲು ಕಲಿತದ್ದೇ 3.6ನೇ ಆವೃತ್ತಿಯಲ್ಲಿ.

ಫಾಂಟಿನ ವಿಷಯದಲ್ಲೂ ಎಚ್ಚರ ಬೇಕು. ರೆನ್‌ಪೈ ಜೊತೆ ಬರುವ ಫಾಂಟಿನಲ್ಲಿ ಕನ್ನಡ ಇಲ್ಲ. ನೋಟೋ ಸಾನ್ಸ್ ಕನ್ನಡವನ್ನೋ ಬಾಲೂ ತಮ್ಮವನ್ನೋ ಸೇರಿಸಿಕೊಳ್ಳಬೇಕು, ಎರಡೂ ಉಚಿತ. ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ನಡೆಯುವ ನುಡಿ, ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಾದ ಕಥೆಯನ್ನು ಹಾಗೇ ತಂದು ಹಾಕಿದರೆ ಈ ಯಾವ ಸಲಕರಣೆಗೂ ಅದು ಅರ್ಥವಾಗದು. ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು.

ಅಕ್ಷರ ಸರಿಹೋದ ಮೇಲೆ ವ್ಯಾಕರಣದ ಸರದಿ. ಆಡುವವರ ಹೆಸರು ಕೇಳಿಕೊಂಡು ಅದನ್ನು ಮಾತಿನ ನಡುವೆ ತೂರಿಸುವುದು ಇಂಗ್ಲಿಷ್ ಆಟಗಳಲ್ಲಿ ಮಾಮೂಲು. ಕನ್ನಡದಲ್ಲಿ ರಮೇಶನಿಗೆ, ಗೌರಿಗೆ, ಮಂಜುವಿಗೆ, ತಿಪ್ಪೇಸ್ವಾಮಿಗೆ ಎಂದು ಹೆಸರಿನ ಬಾಲ ಬದಲಾಗುತ್ತದೆ. ಹೆಸರಿನ ಮುಂದೆ ‘ಗೆ’ ಅಂಟಿಸಿ ಬಿಟ್ಟರೆ ‘ರಮೇಶಗೆ’ ಎಂದು ಬಂದು ಮಾತು ಮುಗ್ಗರಿಸುತ್ತದೆ. ಬಂದ, ಬಂದಳು, ಬಂದರು ಎಂಬ ಮೂರರ ತೊಡಕು ಬೇರೆ. ಇದಕ್ಕೆ ಎರಡು ದಾರಿ. ಪಾತ್ರವನ್ನು ಲೇಖಕರೇ ಹೆಸರಿಟ್ಟು ಕೊಡುವುದು ಒಂದು. ಹೆಸರಿಗೆ ವಿಭಕ್ತಿ ಹತ್ತದಂತೆ, ‘ಬಾರಪ್ಪ’, ‘ಕೇಳಮ್ಮ’ ಎಂದು ಕರೆದು ಮಾತಾಡಿಸುವಂತೆ ವಾಕ್ಯ ಕಟ್ಟುವುದು ಇನ್ನೊಂದು. ಎರಡನೆಯದು ನಮ್ಮ ಜನ ಆಡುವ ರೀತಿಗೂ ಹತ್ತಿರ.

ನೀನು, ನೀವು ಎಂಬುದು ಮಾತ್ರ ತೊಡಕಲ್ಲ, ಆಸ್ತಿ. ಮದಕರಿ ನಾಯಕನ ಕಾಲದ ಕಾವಲುಗಾರನನ್ನು ಆಡುವವರು ‘ನೀನು’ ಎಂದರೋ ‘ನೀವು’ ಎಂದರೋ ಎಂಬುದನ್ನು ಆಟ ನೆನಪಿಟ್ಟುಕೊಂಡು, ದಿಡ್ಡಿ ಬಾಗಿಲ ಬಳಿ ಆತ ದಾರಿ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸಬಹುದು. ಇದಕ್ಕೆ ಬೇಕಾದದ್ದು ಒಂದು ವೇರಿಯಬಲ್, ಅಂದರೆ ಆಟ ಗಂಟು ಹಾಕಿಕೊಳ್ಳುವ ಒಂದು ನೆನಪು. ಟ್ವೈನ್, ಇಂಕ್, ರೆನ್‌ಪೈ ಮೂರರಲ್ಲೂ ಇದು ಒಂದೇ ಸಾಲಿನ ಕೆಲಸ.

ಇಂಕ್ ಹೇಗಿರುತ್ತದೆಂದು ಹತ್ತಿರದಿಂದ ನೋಡೋಣ. ಅದನ್ನು ರೂಪಿಸಿದ್ದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜಾನ್ ಇಂಗೋಲ್ಡ್ ಮತ್ತು ಜೋಸೆಫ್ ಹಂಫ್ರಿ 2011ರಲ್ಲಿ ಆರಂಭಿಸಿದ ಇಂಕಲ್ ಸಂಸ್ಥೆ. 2016ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಬರೆಯುವುದು ಬರೀ ಪಠ್ಯದ ಫೈಲು. ಸಾಲಿನ ಮೊದಲಲ್ಲಿ ನಕ್ಷತ್ರ ಹಾಕಿದರೆ ಅದು ಆಡುವವರ ಆಯ್ಕೆ, ಬಾಣ ಹಾಕಿದರೆ ಕಥೆ ಅತ್ತ ಜಿಗಿಯುತ್ತದೆ. ಅಂಕಲಿ ಮಠದ ಬಾಗಿಲಲ್ಲಿ ಗೈಡ್ ಎದುರಾದ ದೃಶ್ಯ ಹೀಗೆ ಬರಬಹುದು:

ಒಬ್ರೇ ಇಳೀತೀರಾ? ಒಳಗೆ ಕತ್ಲು ಭಾಳ ಐತೆ.
* ಬ್ಯಾಟ್ರಿ ಐತಣ್ಣ, ನಾನೇ ಹೋಗ್ತೀನಿ.
* ನೀವು ಮುಂದೆ ನಡೀರಿ, ನಾನು ಹಿಂದೆ ಬರ್ತೀನಿ.
* ಒಳಗೆ ಏನೈತೆ, ಮೊದ್ಲು ಹೇಳ್ರಿ.

ಇಷ್ಟು ಬರೆಯಲು ಪ್ರೋಗ್ರಾಮಿಂಗ್ ಬೇಕಿಲ್ಲ, ಮಾತಿನ ಕಿವಿ ಬೇಕು. ಒಮ್ಮೆ ಆರಿಸಿದ ನಕ್ಷತ್ರದ ಸಾಲು ಮತ್ತೆ ಕಾಣಿಸದು. ಮತ್ತೆ ಮತ್ತೆ ಕೇಳಬಹುದಾದ ಪ್ರಶ್ನೆಯಾದರೆ ನಕ್ಷತ್ರದ ಬದಲು ಕೂಡಿಸುವ ಚಿಹ್ನೆ. ಮೂರು ಕವಲೂ ಒಂದೆಡೆ ಸೇರಬೇಕಾದ ಜಾಗದಲ್ಲಿ ಒಂದು ಅಡ್ಡಗೆರೆ. ಬಯಲಾಟದಲ್ಲಿ ಪಾತ್ರ ರಂಗಕ್ಕೆ ಬಂದೊಡನೆ ಸಾರಥಿ ಯಾರು, ಎತ್ತ, ಬಂದ ಕಾರಣವೇನು ಎಂದು ಒಂದೊಂದಾಗಿ ಕೇಳಿ ಪಾತ್ರದ ಬಾಯಲ್ಲೇ ಉತ್ತರ ಹೊರಡಿಸುತ್ತಾನೆ. ಅದನ್ನು ನೋಡಿ ಬೆಳೆದವರಿಗೆ ಸಂಭಾಷಣೆಯ ಈ ಕಟ್ಟೋಣ ಹೊಸದಲ್ಲ. ಆಡುವವರೇ ಸಾರಥಿ.

ಕವಲುಗಳು ಸೇರದೆ ಹೋದರೆ ಏನಾಗುತ್ತದೆ ಎಂಬ ಲೆಕ್ಕವನ್ನು ಆರಂಭದಲ್ಲೇ ಮಾಡಿಬಿಡಬೇಕು. ಪ್ರತಿ ಸಲ ಎರಡೇ ಆಯ್ಕೆ, ಅಂಥ ಹತ್ತು ತಿರುವು ಎಂದುಕೊಂಡರೂ 1024 ಕೊನೆಗಳಾಗುತ್ತವೆ. ಅಷ್ಟನ್ನು ಬರೆಯುವವರಿಲ್ಲ. ಅದಕ್ಕೇ ಕಥೆ ಕವಲೊಡೆದು ಮತ್ತೆ ಕೂಡುತ್ತದೆ. ಕೂಡಿದ ಮೇಲೂ ಹಿಂದಿನ ಆಯ್ಕೆಯ ನೆನಪು ಉಳಿದು ಮಾತಿನ ಬಣ್ಣ ಬದಲಿಸುತ್ತದೆ. ಇಂಕಲ್‌ನವರ ‘80 ಡೇಸ್’ 2014ರಲ್ಲಿ ಬಂತು, ಜೂಲ್ಸ್ ವರ್ನ್ ಕಾದಂಬರಿಯನ್ನು ಆಧರಿಸಿ ಮೆಗ್ ಜಯಂತ್ ಬರೆದದ್ದು. ಐದು ಲಕ್ಷ ಪದಗಳಿಗೂ ಹೆಚ್ಚಿನ ಆ ಬರವಣಿಗೆ ನಿಂತಿರುವುದು ಈ ಕೂಡುದಾರಿಗಳ ಮೇಲೆಯೇ. ಟೈಮ್ ಪತ್ರಿಕೆ ಅದನ್ನು ಆ ವರ್ಷದ ಅತ್ಯುತ್ತಮ ಆಟ ಎಂದು ಆರಿಸಿತು.

ಹಿರಿಯೂರಿನವರಿಗೆ ಈ ನೆನಪಿನ ತಂತ್ರಕ್ಕೆ ಉದಾಹರಣೆ ಊರ ಪಕ್ಕದಲ್ಲೇ ಇದೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣಿ ವಿಲಾಸ ಸಾಗರ, ಜನರ ಬಾಯಲ್ಲಿ ಮಾರಿಕಣಿವೆ, 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 89 ವರ್ಷದ ನಂತರ, 2022ರಲ್ಲಿ. ಆಮೇಲೆ 2025ರ ಜನವರಿಯಲ್ಲಿ. 130 ಅಡಿಯ ಆ ಮಟ್ಟವನ್ನೇ ಆಟದ ವೇರಿಯಬಲ್ ಮಾಡಿ, ನೀರು 70 ಅಡಿಗಿಳಿದ ವರ್ಷ ಅಡಿಕೆ ತೋಟದ ಯಜಮಾನರು ಆಡುವ ಮಾತು, ಕೋಡಿ ಬಿದ್ದ ವರ್ಷ ಅವರೇ ಆಡುವ ಮಾತು ಬೇರೆಬೇರೆಯಾಗಿ ಬರೆದರೆ ಒಂದೇ ದೃಶ್ಯ ಎರಡು ಕಥೆ ಹೇಳುತ್ತದೆ. ಇಂಥದಕ್ಕೆ ಕವಲಿನ ಮರವೇ ಬೇಡ. ಮಟ್ಟ ಇಷ್ಟಿದ್ದರೆ ಈ ತುಣುಕು, ಅಷ್ಟಿದ್ದರೆ ಆ ತುಣುಕು ಎಂದು ಷರತ್ತು ಹಾಕಿದರೆ ಸಾಕು.

ಟ್ವೈನ್ ಇದಕ್ಕಿಂತ ಸರಳ. ಕ್ರಿಸ್ ಕ್ಲೈಮಸ್ 2009ರಲ್ಲಿ ಹೊರತಂದದ್ದು. ಕಥೆಯ ತುಣುಕುಗಳು ಚೌಕಗಳಾಗಿ, ನಡುವಿನ ದಾರಿಗಳು ಬಾಣಗಳಾಗಿ ಪರದೆಯ ಮೇಲೆ ಹರಡಿಕೊಳ್ಳುತ್ತವೆ. [[ದೀಪ ಹಚ್ಚು]] ಎಂದು ಎರಡೆರಡು ಆವರಣದಲ್ಲಿ ಬರೆದೊಡನೆ ಆ ಹೆಸರಿನ ಹೊಸ ಚೌಕ ಹುಟ್ಟುತ್ತದೆ. ಶಾಲೆಯ ಮಕ್ಕಳ ಜೊತೆ ಕೂತು ಕೋಟೆಯ ನಕ್ಷೆ ಹಾಕಲು ಇದಕ್ಕಿಂತ ಒಳ್ಳೆಯದು ಸಿಗದು. ಚೌಕಗಳು ಇನ್ನೂರು ಮುನ್ನೂರು ದಾಟಿದರೆ ಮಾತ್ರ ಬಾಣಗಳ ಜಾಲದಲ್ಲಿ ಕಥೆಯೇ ಕಳೆದುಹೋಗುತ್ತದೆ. ಆಗ ಇಂಕ್ ವಾಸಿ.

ಮಾತಾಡುವವರ ಮುಖ ಕಾಣಬೇಕು, ದನಿ ಕೇಳಬೇಕು ಎಂದರೆ ರೆನ್‌ಪೈ. ಟಾಮ್ ರಾಥಮೆಲ್ 2004ರಿಂದ ಬೆಳೆಸಿಕೊಂಡು ಬಂದಿರುವ ಇದರಲ್ಲಿ ಹಿನ್ನೆಲೆಯ ಚಿತ್ರ, ಪಾತ್ರದ ಚಿತ್ರ, ಅದರ ಮಾತು, ಧ್ವನಿಮುದ್ರಣದ ಫೈಲು ಎಲ್ಲವನ್ನೂ ನಾಟಕದ ಹಸ್ತಪ್ರತಿಯಂತೆ ಸಾಲುಸಾಲಾಗಿ ಬರೆಯುತ್ತಾರೆ. ಆಂಡ್ರಾಯ್ಡ್ ಫೋನಿಗೂ ಆಟ ಸಿದ್ಧವಾಗುತ್ತದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ನೆನಪಾಗುವುದು ಇಲ್ಲೇ. ಅಲ್ಲಿನ ಶಿವಸಂಚಾರ 1997ರಿಂದ ನಾಡಿನಾದ್ಯಂತ ನಾಟಕ ಕೊಂಡೊಯ್ಯುತ್ತಿದೆ, ರಂಗಶಾಲೆಯೂ ಇದೆ. ಬಾಯಲ್ಲಿ ಹೊರಳುವ ಮಾತು ಯಾವುದು, ಹಾಳೆಯ ಮೇಲಷ್ಟೇ ಚೆಂದದ ಮಾತು ಯಾವುದು ಎಂದು ನಟರಿಗೆ ತಟ್ಟನೆ ತಿಳಿಯುತ್ತದೆ. ಆಟದ ಸಂಭಾಷಣೆಯನ್ನು ಮೊದಲು ಇಬ್ಬರು ನಟರ ಕೈಲಿ ಓದಿಸಿ, ತೊದಲಿದ ಕಡೆಯೆಲ್ಲ ತಿದ್ದಿ, ಆಮೇಲೆ ಕಂಪ್ಯೂಟರಿಗೆ ಹಾಕಿದರೆ ಕೆಲಸ ಅರ್ಧ ಉಳಿಯುತ್ತದೆ.

ಭಾಷೆಯ ಬಗ್ಗೆ ಅಂಜಬೇಕಾದದ್ದಿಲ್ಲ. ಟೊರಾಂಟೋದ ವಿಸೈ ಗೇಮ್ಸ್ 2023ರಲ್ಲಿ ತಂದ ‘ವೆಂಬಾ’, ಕೆನಡಾಕ್ಕೆ ವಲಸೆ ಹೋದ ತಮಿಳು ಮನೆಯೊಂದರ ಕಥೆ. ತಾಯಿಯ ಅಡುಗೆ ಪುಸ್ತಕ ಹರಿದಿದೆ, ಇಡ್ಲಿ ಹೇಗೆ ಬೇಯಿಸುವುದೆಂದು ಆಡುವವರು ಊಹಿಸಬೇಕು. ಮರುವರ್ಷ ಅದಕ್ಕೆ ಚೊಚ್ಚಲ ಆಟದ ಬಾಫ್ಟಾ ಪ್ರಶಸ್ತಿ ಬಂತು. ಕರ್ನಾಟಕದಲ್ಲಿ ಈ ಕಸುಬಿಗೆ ನೆಲೆ ಹಳೆಯದು. ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಆರಂಭಿಸಿದ್ದು 1997ರಲ್ಲಿ. ಅನಿಮೇಷನ್ ಮತ್ತು ಗೇಮಿಂಗ್‌ಗೆಂದು ರಾಜ್ಯ ಸರ್ಕಾರ ಪ್ರತ್ಯೇಕ ನೀತಿ ತಂದದ್ದು 2012ರಲ್ಲಿ. ಆದರೆ ಆ ಕಸುಬು ಬಹುಪಾಲು ಹೊರದೇಶದ ಆಟಗಳಿಗೆ ಚಿತ್ರ ಮಾಡಿಕೊಡುವ ಕೆಲಸವಾಗಿ ಬೆಳೆಯಿತು. ಓಬವ್ವನ ಕಿಂಡಿಯ ಕಥೆಗೆ ಮನೆಯ ಲ್ಯಾಪ್‌ಟಾಪೇ ಸಾಕು.

ಕಥೆ ಆರಿಸುವಾಗ ಒಂದು ವಿವೇಚನೆ ಅಗತ್ಯ. ಮದಕರಿಯ ದುರ್ಗ ಹೈದರನ ಪಾಲಾದದ್ದು 1779ರಲ್ಲಿ. ತ.ರಾ.ಸು. ಆ ಕೊನೆಯ ದಿನಗಳನ್ನು ‘ದುರ್ಗಾಸ್ತಮಾನ’ ಕಾದಂಬರಿಯಲ್ಲಿ ತಮ್ಮ ಕಲ್ಪನೆಯಲ್ಲಿ ಮರುಕಟ್ಟಿದರು. ಅಷ್ಟು ಹಿಂದಿನ ಪಾತ್ರಗಳ ಬಾಯಲ್ಲಿ ಹೊಸ ಮಾತು ಆಡಿಸುವುದು ನ್ಯಾಯ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ 1943ರಲ್ಲಿ ಅನಾಥ ಸೇವಾಶ್ರಮ ಕಟ್ಟಿದ ರಾಘವೇಂದ್ರ ಸ್ವಾಮೀಜಿಯವರು ತೀರಿಕೊಂಡದ್ದು 1996ರಲ್ಲಿ. ಅವರ ಕೈಯಲ್ಲಿ ಯೋಗ ಕಲಿತವರು, ಅವರ ದನಿ ಕೇಳಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅಂಥವರ ಬಗ್ಗೆ ಆಟ ಮಾಡಿದರೆ ಮಾತು ಕಟ್ಟಬಾರದು. ನೋಡಿದವರ ನೆನಪುಗಳನ್ನು ಅವರವರ ದನಿಯಲ್ಲೇ ಮುದ್ರಿಸಿ, ಯಾವುದನ್ನು ಮೊದಲು ಕೇಳಬೇಕೆಂಬ ಆಯ್ಕೆಯನ್ನಷ್ಟೇ ಆಡುವವರಿಗೆ ಬಿಡಬಹುದು.

ಇನ್ನು ಬಾಳಿಕೆ. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ನಿಲ್ಲಿಸಿದಾಗ ಅದರಲ್ಲಿ ಕಟ್ಟಿದ ಲೆಕ್ಕವಿಲ್ಲದಷ್ಟು ಆಟಗಳು ಬ್ರೌಸರಿನಲ್ಲಿ ತೆರೆಯದಾದವು. ಯೂನಿಟಿ 2023ರ ಸೆಪ್ಟೆಂಬರಿನಲ್ಲಿ ಆಟ ಇಳಿಸಿಕೊಂಡಾಗಲೆಲ್ಲ ಶುಲ್ಕ ಎಂಬ ನಿಯಮ ಪ್ರಕಟಿಸಿ, ಕಟ್ಟುವವರ ಸಿಟ್ಟು ಎದುರಿಸಿ, ಮರುವರ್ಷ ಅದನ್ನು ಪೂರ್ತಿ ಕೈಬಿಟ್ಟಿತು. ಇಂಕ್ ಫೈಲಾದರೆ ಬರೀ ಪಠ್ಯ, ಯಾವ ಯಂತ್ರದಲ್ಲೂ ತೆರೆದು ಓದಬಹುದು. ಮುಂದೆ ಬೇರೆ ಎಂಜಿನ್‌ಗೆ ಹೋಗಬೇಕೆನಿಸಿದರೂ ಮಾತುಗಳು ಜೊತೆಗೆ ಬರುತ್ತವೆ.

ಟ್ವೈನ್ ಬಳಸುವವರು ಮಾತ್ರ ಒಂದನ್ನು ಮರೆಯಬಾರದು. ಅದನ್ನು ಬ್ರೌಸರಿನಲ್ಲೇ ತೆರೆದು ಬರೆದರೆ ಕಥೆ ಉಳಿಯುವುದು ಆ ಬ್ರೌಸರಿನ ನೆನಪಿನಲ್ಲಿ. ಸೈಬರ್ ಸೆಂಟರಿನಲ್ಲೋ ಶಾಲೆಯ ಲ್ಯಾಬಿನಲ್ಲೋ ಯಾರಾದರೂ ಬ್ರೌಸರಿನ ಡೇಟಾ ಅಳಿಸಿದರೆ ಬರೆದದ್ದೆಲ್ಲ ಹೋಯಿತು. ದಿನದ ಕೊನೆಗೆ ಆರ್ಕೈವ್ ಫೈಲನ್ನು ಇಳಿಸಿ ಪೆನ್ ಡ್ರೈವಿಗೆ ಹಾಕಿಕೊಳ್ಳಬೇಕು. ಮುಗಿದ ಆಟ ಒಂದೇ ಎಚ್‌ಟಿಎಂಎಲ್ ಫೈಲಾಗಿ ಹೊರಬರುತ್ತದೆ. ಚಿತ್ರ, ದನಿ ಇಲ್ಲದ ಆಟವಾದರೆ ವಾಟ್ಸಾಪಿನಲ್ಲಿ ಡಾಕ್ಯುಮೆಂಟಾಗಿ ಕಳಿಸುವಷ್ಟು ಚಿಕ್ಕದು, ಫೋನಿನ ಬ್ರೌಸರಿನಲ್ಲಿ ತೆರೆಯುತ್ತದೆ. ಕಣ್ಣು ಕಾಣದವರು ಆಂಡ್ರಾಯ್ಡಿನ ಟಾಕ್‌ಬ್ಯಾಕ್‌ನಲ್ಲಿ ಕನ್ನಡದ ದನಿ ಇಟ್ಟುಕೊಂಡರೆ ಕಥೆಯನ್ನೂ ಆಯ್ಕೆಗಳನ್ನೂ ಕೇಳಿಸಿಕೊಂಡೇ ಆಡಬಹುದು. ಮೊದಲ ಪ್ರತಿಯನ್ನು ಅಂಥ ಒಬ್ಬರಿಗೂ, ಆಟವನ್ನೇ ಆಡದ ಮನೆಯ ಹಿರಿಯರೊಬ್ಬರಿಗೂ ಕೊಟ್ಟು ನೋಡಬೇಕು. ಆಡುವಾಗ ಪಕ್ಕದಲ್ಲಿ ಕೂತು ಏನನ್ನೂ ಹೇಳಿಕೊಡದೆ, ಅವರು ಎಲ್ಲಿ ತಡೆದು ನಿಂತರು ಎಂಬುದನ್ನು ಮಾತ್ರ ಬರೆದುಕೊಳ್ಳಬೇಕು.